ಅಪ್ಪಿಯ ಕೆಮಿಗೆ ತೊಂಬತ್ತೆರಡು ಮಾರ್ಕು

ಬೆಳಿಗ್ಗೆ ಎಂಟಕ್ಕೆ ಸ್ವಿಚ್ಚು ಒತ್ತಿದರೆ ಸಂಜೆ ಐದೂವರೆಯ ತನಕ ಆ ಶೆಡ್ಡಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಒಂದು ಬದಿಗೆ ಗೇರುಬೀಜ ಒಡೆಯುವ ಆರು ಯಂತ್ರ. ಅವುಗಳ ಬೆನ್ನಿಗೆ ಕಂಪ್ರೆಸರ್. ನಡುವೆ ಜರಡಿ ಕುಲುಕುವ ಮೋಟಾರು. ಮೇಲೆ ತಗಡಿನ ಮಾಡು. ಸದ್ದು ಹೊರಗೆ ಹೋಗಲು ದಾರಿ ಕಾಣದೆ ಒಳಗೇ ಸುತ್ತು ಹೊಡೆಯುತ್ತಿತ್ತು. ಹೊಸದಾಗಿ ಸೇರಿದವರಿಗೆ ಮೊದಲ ವಾರ ತಲೆನೋವು ಬರುತ್ತಿತ್ತು. ಆಮೇಲೆ ತಲೆನೋವು ಹೋಗುತ್ತಿತ್ತು. ಅದರ ಜೊತೆ ಇನ್ನೇನು ಹೋಗುತ್ತದೆಂದು ಯಾರೂ ಕೇಳಿರಲಿಲ್ಲ.

ಸಾಸ್ತಾನದ ಟೋಲ್‌ಗೇಟು ದಾಟಿ ಒಳರಸ್ತೆಯಲ್ಲಿ ಒಂದು ಮೈಲಿ ಹೋದರೆ ಸಿಗುವ ಈ ಬೀಜದ ಫ್ಯಾಕ್ಟರಿಯಲ್ಲಿ ಅಪ್ಪಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಳು. ಈಗ ಅವಳಿಗೆ ಐವತ್ತೊಂದು. ಮೊದಲ ಹದಿನೈದು ವರ್ಷ ಕಂಪ್ರೆಸರಿನ ಪಕ್ಕದಲ್ಲಿ ನಿಂತು ಬೀಜ ಒಡೆದಳು. ಸಿಪ್ಪೆಯ ಎಣ್ಣೆ ಹತ್ತಿ ಕಪ್ಪಾದ ಕೈಬೆರಳು ಇನ್ನೂ ಬಿಳಿಯಾಗಿರಲಿಲ್ಲ. ಆಮೇಲೆ ಅದೇ ಶೆಡ್ಡಿನ ಇನ್ನೊಂದು ತುದಿಗೆ, ತಿರುಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಮೇಜಿಗೆ ಬಂದಳು. ಗೋಡಂಬಿಗೆ ಹೆಸರಿನ ಬದಲು ನಂಬರು. ಇನ್ನೂರಹತ್ತು ಅಂದರೆ ದೊಡ್ಡದು, ಮುನ್ನೂರಿಪ್ಪತ್ತು ಅಂದರೆ ಸಣ್ಣದು. ಅಪ್ಪಿಯ ಕಣ್ಣು ಎಷ್ಟು ಚುರುಕಾಗಿತ್ತೆಂದರೆ ಅಂಗೈಯಲ್ಲಿ ಹಾಕಿಕೊಂಡ ಕೂಡಲೇ ನಂಬರು ಹೇಳುತ್ತಿದ್ದಳು.

ಅಲ್ಲಿ ನಲವತ್ತೆರಡು ಹೆಂಗಸರಿದ್ದರು. ಸದ್ದಿನ ನಡುವೆಯೂ ಅವರ ಮಾತು ನಿಲ್ಲುತ್ತಿರಲಿಲ್ಲ. ಕಿರುಬೆರಳು ಬಾಯಿಗೆ ಹಿಡಿದರೆ ಚಾ. ಇಲ್ಲದ ಮೀಸೆ ತಿರುವಿದರೆ ಮ್ಯಾನೇಜರು ಬಂದ. ಎರಡು ಕೈ ಸೇರಿಸಿ ಬಾಲದಂತೆ ಅಲ್ಲಾಡಿಸಿದರೆ ಇವತ್ತು ಮನೆಯಲ್ಲಿ ಮೀನು. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಅಪ್ಪಿಯ ಗೆಳತಿ ಸೀತು ಅತ್ತೆಯ ಕಥೆ ಹೇಳುವಾಗ ಅವಳ ತುಟಿಯೊಂದೇ ಸಾಕಿತ್ತು, ಆ ಮೇಜಿನ ಎಂಟು ಹೆಂಗಸರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಹೊರದೇಶದಿಂದ ಬೀಜ ಕೊಳ್ಳುವವರು ಬಂದು ಫ್ಯಾಕ್ಟರಿ ನೋಡಿಹೋದರು. ಮರುವಾರವೇ ಎಲ್ಲರಿಗೂ ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕು ಬಂತು. ಬೀಜಕ್ಕೆ ಎಂಜಲು ತಾಗಬಾರದಂತೆ.

"ಈಗ ನಾವ್ ಎಲ್ಲ ಡಾಕ್ಟ್ರ್ ಕಂಡಂಗ್ ಕಾಣ್ತ್" ಎಂದು ಸೀತು ನಗಾಡಿದಳು. ಅಪ್ಪಿಯೂ ನಕ್ಕಳು. ಆದರೆ ಆ ದಿನದಿಂದ ಸೀತುವಿನ ಕಥೆ ಅವಳಿಗೆ ತಿಳಿಯಲಿಲ್ಲ. ಬೇರೆಯವರು ನಕ್ಕಾಗ ತಾನೂ ನಗುವುದನ್ನು ಕಲಿತಳು. ಏನಾದರೂ ಹೇಳಿದರೆ "ಹಾಂ ಹಾಂ" ಎಂದು ತಲೆ ಆಡಿಸುವುದನ್ನು ಕಲಿತಳು. ಯಾಕೆ ಹೀಗಾಗುತ್ತಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ವಯಸ್ಸಾಯಿತು, ಮಂಡೆ ಮಂದವಾಯಿತು ಎಂದುಕೊಂಡಳು. ಯಾರ ಹತ್ತಿರವೂ ಹೇಳಲಿಲ್ಲ. ಕೆಪ್ಪಿ ಎಂದು ಒಮ್ಮೆ ಹೆಸರು ಬಿದ್ದರೆ ಮತ್ತೆ ಅದು ಹೋಗುವುದಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಸೂಪರ್‌ವೈಸರ್ ರೋಷನ್ ಮೇಜಿನ ಬಳಿ ಬಂದ. ಇಪ್ಪತ್ತೆಂಟರ ಹುಡುಗ, ಶೆಡ್ಡಿಗೆ ಬಂದು ನಾಲ್ಕು ವರ್ಷ. ಮಾಸ್ಕಿನೊಳಗಿಂದಲೇ ಮೂರು ಡಬ್ಬಿ ತೋರಿಸಿ ಏನೋ ಕೂಗಿ ಹೇಳಿದ. ಅಪ್ಪಿ "ಹಾಂ ಹಾಂ" ಎಂದಳು. ಅವನು ಹೇಳಿದ್ದು ಮುನ್ನೂರಿಪ್ಪತ್ತಕ್ಕೆ ಸುರಿಯಲು. ಅವಳಿಗೆ ನಡುವಿನ 'ನ್ನೂರ' ಮಾತ್ರ ಸಿಕ್ಕಿತು. ಇನ್ನೂರಹತ್ತು ಎಂದುಕೊಂಡು ದೊಡ್ಡ ಬೀಜದ ರಾಶಿಗೆ ಮೂರು ಡಬ್ಬಿ ಸಣ್ಣ ಬೀಜ ಸುರಿದಳು. ಕಣ್ಣು ಇದು ಸಣ್ಣದು ಎಂದಿತು. ಸೂಪರ್‌ವೈಸರ್ ಹೇಳಿದ ಮೇಲೆ ನನ್ನದೇನು ಎಂದು ಕೈ ಸುರಿದೇ ಬಿಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಇಡೀ ರಾಶಿಯನ್ನು ಮತ್ತೆ ಆರಿಸಬೇಕಾಯಿತು. ಮಂಗಳೂರು ಬಂದರಿಗೆ ಹೋಗಬೇಕಿದ್ದ ಲಾರಿ ಒಂದು ದಿನ ತಡವಾಯಿತು.

ಮಾರನೆಯ ದಿನ ಮ್ಯಾನೇಜರ್ ರಾಜೇಂದ್ರ ಅಪ್ಪಿಯನ್ನು ಆಫೀಸಿಗೆ ಕರೆಸಿದರು. ಅವರೂ ಹತ್ತಿರದ ಬ್ರಹ್ಮಾವರದವರೇ. ಆದರೆ ಆ ಕುರ್ಚಿಯಲ್ಲಿ ಕೂತಾಗ ಪುಸ್ತಕದ ಕನ್ನಡ ಮಾತಾಡುತ್ತಿದ್ದರು.

"ಬೇಕೆಂದೇ ಮಾಡಿದ್ದೀರಿ ಅಪ್ಪಿ. ರೋಷನ್ ಮೂರು ಸಲ ಹೇಳಿದ್ದಾನೆ. ನೀವು ಮೂರು ಸಲವೂ ಹೂಂ ಅಂದಿದ್ದೀರಿ."

"ನಂಗ್ ಸಮಾ ಕೇಣ್ಲಿಲ್ಲ ಸರ್."

ಅಷ್ಟು ಹೇಳಲು ಅವಳಿಗೆ ಎರಡು ವರ್ಷ ಬೇಕಾಗಿತ್ತು.

ರಾಜೇಂದ್ರ ಒಂದು ಫೈಲು ತೆಗೆದರು. ಡಿಸೆಂಬರಿನಲ್ಲಿ ಫ್ಯಾಕ್ಟರಿಯ ಯಜಮಾನರು, ಅಲ್ಲಿಯವರ ಬಾಯಲ್ಲಿ ಧನಿಗಳು, ಒಂದು ಖಾಸಗಿ ವ್ಯಾನು ಕರೆಸಿ ಎಲ್ಲರ ಕಿವಿ ತಪಾಸಣೆ ಮಾಡಿಸಿದ್ದರು. ಹೊರದೇಶದವರಿಗೆ ಅದರ ಫೈಲೂ ಬೇಕಿತ್ತು. ಕಿವಿಗೆ ಹೆಡ್‌ಫೋನು ಹಾಕಿ, ಕೂಂಯ್ ಎಂದು ಕೇಳಿದರೆ ಬೆರಳೆತ್ತು ಎಂದಿದ್ದರು. ಒಬ್ಬರಿಗೆ ಐದು ನಿಮಿಷ.

"ನೋಡಿ. ಬಲಗಿವಿ ಇಪ್ಪತ್ತೆಂಟು, ಎಡಗಿವಿ ಮೂವತ್ತು. ಅಂದರೆ ಬಹಳ ಸಣ್ಣ ದೋಷ. ಮಾತು ಅರ್ಥವಾಗುವ ಪ್ರಮಾಣ, ನೂರಕ್ಕೆ ತೊಂಬತ್ತೆರಡು. ಇಷ್ಟು ಮಾರ್ಕು ನನಗೆ ಶಾಲೆಯಲ್ಲಿ ಸಿಕ್ಕಿರಲಿಲ್ಲ. ಕೇಳಿಸಲಿಲ್ಲ ಅಂತ ಸುಳ್ಳು ಹೇಳುತ್ತೀರಾ?"

ಅಪ್ಪಿ ಫೈಲಿನತ್ತ ಬಾಗಿ ನೋಡಿದಳು. ಅಚ್ಚಾದ ಕಾಗದ, ಸೀಲು ಬಿದ್ದ ಕಾಗದ. ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳುವ ಮೆಮೊವನ್ನು, ಆ ತಪಾಸಣೆಯ ಕಾಗದದ ಒಂದು ಪ್ರತಿ ಸೇರಿಸಿ, ಅವರು ಮುಂದಿಟ್ಟರು. ಬರುವ ವಾರ ಬಿಟ್ಟು ಸೋಮವಾರ ವಿಚಾರಣೆ. ಅವಳು ಸಹಿ ಮಾಡಿ, ಮಡಚಿ, ಊಟದ ಬುತ್ತಿಯ ಅಡಿಯಲ್ಲಿಟ್ಟುಕೊಂಡು ಮನೆಗೆ ಬಂದಳು.

ಗಂಡ ಚೆನ್ನಯ್ಯ ಅಂಗಳದಲ್ಲಿ ಬಲೆಯ ಹರಿದ ಕಣ್ಣು ಹೆಣೆಯುತ್ತ ಕೂತಿದ್ದ. ಮೆಮೊ ಓದಿಸಿಕೊಂಡ. ಆಮೇಲೆ ಕೇಳಿದ.

"ಅಲ್ದೆ, ನಿಂಗೆ ಖರೇಗೂ ಕೆಮಿ ಕೇಣ್ತಿಲ್ಯಾ?" ಕುಂದಾಪುರದ ಕಡೆ ಕಿವಿಗೆ ಕೆಮಿ ಎನ್ನುತ್ತಾರೆ.

"ಕೇಣ್ತಿತ್ತ್. ನೀವ್ ಮಾತಾಡುದ್ ಕೇಣ್ತಿತ್ತ್. ಎಂತ ಹೇಳ್ತ್ರಿ ಅಂದೇಳಿ ಗೊತ್ತಾತಿಲ್ಲ."

ಚೆನ್ನಯ್ಯ ಸೂಜಿ ಕೆಳಗಿಟ್ಟ. "ಅಯ್ಯೋ ಮಾರಾಯ್ತಿ! ನಾ ಬೆನ್ ಹಿಂದ್ ನಿಂತ್ಕಂಡ್ ಹೇಳಿದ್ದ್ ಒಂದನ್ನೂ ನೀ ಮಾಡ್ತಿಲ್ಲೆ. ನನ್ ಮೇಲ್ ಅಸಡ್ಡೆ ಅಂದೇಳಿ ನಾಕ್ ವರ್ಷದಿಂದ ಒಳಗೊಳಗೇ ಸಿಟ್ಟ್ ಮಾಡ್ಕಂಡ್ ಕೂಕಂಡಿದ್ದೆ."

"ನಾಕ್ ವರ್ಷವಾ? ಬಾಯ್ ಬಿಟ್ಟ್ ಹೇಳುಕಾತಿರ್ಲಿಲ್ಯಾ?"

"ಹೇಳಿದ್ದೆ. ಬೆನ್ ಹಿಂದ್ ನಿಂತ್ಕಂಡ್ ಹೇಳಿದ್ದೆ."

ಅಪ್ಪಿಗೆ ಅಳು ಬರುವುದರಲ್ಲಿತ್ತು, ಅದರ ಬದಲು ನಗು ಬಂತು. ಚೆನ್ನಯ್ಯನೂ ನಕ್ಕ. ನಗು ನಿಂತ ಮೇಲೆ ಅವಳ ಎದುರಿಗೆ ಬಂದು ಕೂತು, ಮುಖ ನೋಡಿ, ನಿಧಾನ ಹೇಳಿದ. "ನೀ ಸುಳ್ಳ್ ಹೇಳುವ ಜನ ಅಲ್ಲ. ಕಾಗ್ದ ಸುಳ್ಳ್ ಹೇಳ್ತಿತ್ತ್. ದೊಡ್ ಆಸ್ಪತ್ರೆಗ್ ಹೋಯಿ ತೋರ್ಸ್ಕಂಡ್ ಬಾ."

ಅವನ ಮಾತಿನ ಒಂದೊಂದು ಅಕ್ಷರವೂ ಅವಳಿಗೆ ಕೇಳಿಸಿತು.

ಬುಧವಾರ ಸೀತುವೂ ರಜೆ ಹಾಕಿ ಜೊತೆಗೆ ಹೊರಟಳು. ಬಸ್ಸಿನಲ್ಲಿ ಕುಂದಾಪುರ ಮುಟ್ಟುವ ತನಕ ಅಪ್ಪಿ ಎಲ್ಲ ಹೇಳಿದಳು. ತಾನು ಸುಮ್ಮನೆ ನಗುತ್ತಿದ್ದೆ, ಕಥೆ ತಿಳಿಯುತ್ತಿರಲಿಲ್ಲ ಎಂಬುದನ್ನೂ ಹೇಳಿದಳು. ಸೀತು ಬೇಸರ ಮಾಡಿಕೊಳ್ಳಲಿಲ್ಲ. "ಎರಡ್ ವರ್ಷದ್ ಕಥಿ ಬಾಕಿ ಇತ್ತಲೆ ಹಾಂಗಾರೆ! ಅತ್ತೆ ಈಗ ಭಾರಿ ಮುಂದೆ ಹೋಯಿರ್" ಎಂದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಬುಧವಾರ ಮಾತ್ರ ಕಿವಿ ಪರೀಕ್ಷೆ ಮಾಡುವ ಹುಡುಗಿ ಬರುತ್ತಿದ್ದಳು. ದೀಕ್ಷಾ ಅಂತ, ಬೈಂದೂರಿನವಳು. ಅಪ್ಪಿ ಕೊಟ್ಟ ತಪಾಸಣೆಯ ಕಾಗದವನ್ನು ಅವಳು ಒಮ್ಮೆ ನೋಡಿದಳು, ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಮ್ಮ, ಈ ವ್ಯಾನಿನವ್ರ್ ನಿಮ್ ಕೆಮಿಗೆ ಎಂತೆಲ್ಲ ಪದ ಹೇಳ್ರ್?"

"ಪದ ಎಂತದೂ ಇಲ್ಲ. ಬರೀ ಕೂಂಯ್ ಕೂಂಯ್."

"ಒಂದ್ ಪದವೂ ಇಲ್ಯಾ? 'ನಾ ಹೇಳಿದ್ದನ್ ತಿರ್ಗಿ ಹೇಳಿ' ಅಂದೇಳಿ ಕೇಣ್ಲಿಲ್ಯಾ?"

"ಕೇಣ್ಲಿಲ್ಲ. ಹೆಸ್ರ್ ಕೇಂಡ್ರ್, ಅಷ್ಟೇ. ಅದನ್ನೂ 'ಪಪ್ಪಿ' ಅಂದೇಳಿ ಬರ್ಕಂಡಿದ್ರ್."

"ಹಾಂಗಾರೆ ಈ ತೊಂಬತ್ತೆರಡ್ ಎಲ್ಲಿಂದ ಬಂತ್?"

ಅವಳು ಕಾಗದದ ಅಡಿಯಲ್ಲಿ ಉಗುರಿಟ್ಟು ತೋರಿಸಿದಳು. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಮಾತು ಅರ್ಥವಾಗುವ ಪ್ರಮಾಣ ಎಂಬುದು ಸದ್ದಿನ ಪರೀಕ್ಷೆಯಿಂದ ಲೆಕ್ಕ ಹಾಕಿದ ಅಂದಾಜು ಎಂದು ಅದರ ಅರ್ಥ.

"ಕೂಂಯ್ ಅಂಬುದ್ರಗೂ ದಪ್ಪ ಸದ್ದ್, ತೆಳು ಸದ್ದ್ ಅಂದೇಳಿ ಇತ್ತಮ್ಮ. ಅವ್ರ್ ಸರಾಸರಿ ತೆಗ್ದದ್ದ್ ಮೂರೇ ಸದ್ದಿಂದ್, ದಪ್ಪದ್ದ್ ಮತ್ತೆ ನಡುವಿಂದ್. ಅದ್ರಗೆ ನೀವ್ ಲಾಯ್ಕಿದ್ರಿ. ತೆಳು ಸದ್ದಿನ ಸಾಲಂಗೆ ಎಂತ ಇತ್ತ್ ಕಾಣಿ. ಅರ್ವತ್ತೈದ್, ಎಪ್ಪತ್ತ್. ಈ ನಂಬ್ರ ಹೆಚ್ಚಾದಷ್ಟ್ ಕೇಂಬುದ್ ಕಮ್ಮಿ. ಅಲ್ಲಿ ನಿಮ್ ಕೆಮಿ ಪೂರ್ತಿ ಕೆಳಗ್ ಬಿದ್ದಿತ್ತ್. ಅದನ್ ಬರ್ದಿರ್, ಆದ್ರೆ ಲೆಕ್ಕಕ್ಕೆ ಸೇರ್ಸ್ಲಿಲ್ಲ."

"ತೆಳು ಸದ್ದಂದ್ರೆ?"

"ಯಕ್ಷಗಾನದ ಆಟ ಕಾಣ್ತ್ರಿ ಅಲ್ದಾ? ಮದ್ದಳೆ ದಪ್ಪ. ತಾಳ ತೆಳು. ಮಾತಂಗೂ ಹಾಂಗೆ. ಸ, ಚ, ತ, ಕ ಎಲ್ಲ ತೆಳು. ಅದ್ ಕೇಣ್ದೆ ಇದ್ರೆ ಹಾಲ್ ಯಾವ್ದ್, ಸಾಲ್ ಯಾವ್ದ್, ಕಾಲ್ ಯಾವ್ದ್ ಅಂದೇಳಿ ಗೊತ್ತಾತಿಲ್ಲ. ಎಲ್ಲವೂ ಬರೀ ಆಲ್."

"ಅದ್ಕೇ ನಂಗೆ ಭಾಗವತ್ರ್ ಪದ ಹೇಳುದ್ ತಿಳಿತಿಲ್ಲ!"

"ಅದ್ ಯಾರಿಗೂ ತಿಳಿತಿಲ್ಲ" ಎಂದಳು ಸೀತು.

ಅಪ್ಪಿಯನ್ನು ಒಂದು ಗೂಡಿನಂಥ ಕೋಣೆಯಲ್ಲಿ ಕೂರಿಸಿದರು. ಗಾಜಿನ ಆಚೆಯಿಂದ ದೀಕ್ಷಾ ಒಂದು ಕಾಗದದಿಂದ ತನ್ನ ಬಾಯಿ ಮುಚ್ಚಿಕೊಂಡು ಒಂದೊಂದೇ ಪದ ಹೇಳಿದಳು. ಇಪ್ಪತ್ತೈದು ಪದ. ಅಪ್ಪಿ ಕೇಳಿದಂತೆ ತಿರುಗಿ ಹೇಳಬೇಕು. 'ಚೀಲ' ಎಂದರೆ ಅವಳು 'ನೀಲ' ಎಂದಳು. 'ಸೊಪ್ಪು' ಎಂದರೆ 'ಉಪ್ಪು' ಎಂದಳು. 'ಕಿವಿ' ಎಂದಾಗ 'ಕೆಮಿ' ಎಂದಳು. ದೀಕ್ಷಾ ನಕ್ಕು ಅದಕ್ಕೆ ಸರಿ ಎಂದೇ ಗುರುತು ಹಾಕಿದಳು. ಎಲ್ಲ ಸೇರಿ ಹನ್ನೊಂದು ಸರಿಯಾಯಿತು. ಆಮೇಲೆ ಬಾಯಿಯ ಮುಂದಿನ ಕಾಗದ ತೆಗೆದು ಬೇರೆ ಇಪ್ಪತ್ತೈದು ಹೇಳಿದಳು. ಇಪ್ಪತ್ತೊಂದು ಸರಿಯಾಯಿತು. ಕೊನೆಗೆ ಮತ್ತೆ ಬಾಯಿ ಮುಚ್ಚಿ, ಹಿಂದಿನಿಂದ ಗದ್ದಲದ ಸದ್ದು ಬಿಟ್ಟು ಹೇಳಿದಳು. ನಾಲ್ಕು.

ಹೊರಗೆ ಬಂದ ಅಪ್ಪಿಯ ಕೈಯನ್ನು ದೀಕ್ಷಾ ಹಿಡಿದುಕೊಂಡಳು. "ನೀವ್ ಇಷ್ಟ್ ವರ್ಷ ಕಣ್ಣಂಗೇ ಮಾತ್ ಕೇಂಡಿದ್ರಿ ಅಮ್ಮ. ಬಾಯಿ ಕಾಂಬುಕಾದ್ರೆ ನೂರಕ್ಕೆ ಎಂಬತ್ನಾಕ್. ಕಾಣ್ದಿದ್ರೆ ನಲ್ವತ್ನಾಕ್. ಮಿಷನ್ ಸದ್ದೂ ಸೇರ್ರೆ ಹದ್ನಾರ್. ಮಾಸ್ಕ್ ಬಂದದ್ದೇ ನಿಮ್ ಕೆಮಿಯ ಬಾಗ್ಲ್ ಹಾಕ್ದಂಗಾಯ್ತ್."

ಅಪ್ಪಿ ಬೆಂಚಿನ ಮೇಲೆ ಕೂತುಬಿಟ್ಟಳು. ಎರಡು ವರ್ಷದಿಂದ ತನ್ನ ಮಂಡೆಗೇ ಏನೋ ಆಗಿದೆ ಎಂದು ಹೆದರಿದ್ದವಳು. ಮಂಡೆ ಸರಿಯಿತ್ತು. ಬರೀ ಸರಿಯಿದ್ದದ್ದಲ್ಲ, ಯಾರೂ ಹೇಳಿಕೊಡದೆ ತುಟಿ ಓದಲು ಕಲಿತಿತ್ತು. ಅವಳಿಗೆ ತನ್ನ ಮೇಲೇ ಒಂದು ಪ್ರೀತಿ ಹುಟ್ಟಿತು.

"ಇದ್ ಎಂತದ್ರಿಂದ ಬಂದದ್ದ್ ಮಗಾ?"

"ಸದ್ದಿಂದ. ವರ್ಷಗಟ್ಲೆ ಕೇಂಡದ್ರಿಂದ. ನಾ ಅದನ್ನೂ ಬರ್ದ್ ಕೊಡ್ತೆ. ಅವ್ರ್ ಒಪ್ತ್ರಾ ಇಲ್ಯಾ ನಂಗ್ ಗೊತ್ತಿಲ್ಲೆ. ಆ ತೊಂಬತ್ತೆರಡ್ ಹಾಂಗೇ ಉಳಿದ್ರೆ ಮಿಷನ್ನಿಂದ್ ಎಂತ ತಪ್ಪೂ ಇಲ್ಲ ಅಂದೇಳಿ ಆತ್ತ್. ಅವ್ರಿಗ್ ಅದೇ ಬೇಕಲೆ."

ಸೋಮವಾರ ಹತ್ತು ಗಂಟೆಗೆ ವಿಚಾರಣೆ. ರಾಜೇಂದ್ರ ದೀಕ್ಷಾಳ ಕಾಗದವನ್ನು ತುದಿಬೆರಳಲ್ಲಿ ಹಿಡಿದು ನೋಡಿ ಬದಿಗಿಟ್ಟರು.

"ಹೊರಗಿನ ಕಾಗದ ನಡೆಯುವುದಿಲ್ಲ. ನಮ್ಮ ತಪಾಸಣೆಯೇ ಲೆಕ್ಕ. ಅದರಲ್ಲಿ ನಿಮಗೆ ತೊಂಬತ್ತೆರಡು."

"ಆ ವ್ಯಾನಿನವ್ರ್ ನನ್ ಹತ್ರ ಒಂದ್ ಪದ ಹೇಳ್ಲಿಲ್ಲ ಸರ್. ಪದ ಹೇಳ್ದೆ, ನಂಗ್ ಪದ ತಿಳಿತಿತ್ತ್ ಅಂದೇಳಿ ಹ್ಯಾಂಗ್ ಬರ್ದ್ರ್?"

"ಅದು ವಿಜ್ಞಾನ. ನಿಮಗೆ ಗೊತ್ತಾಗುವುದಿಲ್ಲ."

ಅಷ್ಟು ಹೊತ್ತಿಗೆ ಶೆಡ್ಡಿನ ಸದ್ದು ನಿಂತಿತು. ಚಾ ಬಿಡುವಿನ ಹೊತ್ತು. ಬಿಡುವು ಮುಗಿಯಿತು, ಸದ್ದು ಮತ್ತೆ ಶುರುವಾಗಲಿಲ್ಲ. ರಾಜೇಂದ್ರ ಕಿಟಕಿಯಿಂದ ನೋಡಿದರು. ನಲವತ್ತೊಂದು ಹೆಂಗಸರು ಚಾದ ಲೋಟ ಹಿಡಿದುಕೊಂಡು ಆಫೀಸಿನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಘೋಷಣೆ ಇಲ್ಲ, ಬಾವುಟ ಇಲ್ಲ. ಸೀತು ಅತ್ತೆಯ ಕಥೆ ಹೇಳುತ್ತಿದ್ದಳು. ಮಾಸ್ಕು ತೆಗೆದಿದ್ದಳು.

"ಇದೇನಿದು? ಲಾರಿ ಬಂದು ನಿಂತಿದೆ!" ರಾಜೇಂದ್ರ ಬಾಗಿಲಿಗೆ ಬಂದು ಕೂಗಿದರು.

"ಅಪ್ಪಿಯದ್ದ್ ತೀರ್ಮಾನ ಆಯ್ಲಿ ಸರ್. ಮತ್ತ್ ಹೋತ್" ಎಂದಳು ಸೀತು.

ಅಪ್ಪಿ ಎದ್ದು ನಿಂತಳು. ಮೆಟ್ಟಿಲ ಮೇಲಿನ ಮುಖಗಳನ್ನು ಕಂಡಾಗ ಅವಳಿಗೆ ಧೈರ್ಯದ ಜೊತೆಗೆ ಸ್ವಲ್ಪ ತಮಾಷೆಯೂ ಬಂತು.

"ಸರ್, ರೋಷನ್‌ಗೆ ಎಷ್ಟ್ ಮಾರ್ಕ್ ಬಂದಿತ್ತ್?"

ರಾಜೇಂದ್ರ ಫೈಲು ನೋಡಿದರು. "ನೂರಕ್ಕೆ ನೂರು."

"ಹಾಂಗಾರೆ ನೂರ್ ಸಿಕ್ಕವ್ರ್ ನನ್ ಜಾಗೆಯಂಗ್ ನಿಲ್ಲಲಿ. ಮಿಷನ್ ಹಾಕುವ. ಸೀತು ಮಾಸ್ಕ್ ಹಾಕ್ಕಂಡ್ ಹತ್ತ್ ಪದ ಹೇಳ್ಲಿ. ಹತ್ತೂ ಸರಿ ಹೇಳ್ರೆ ನಾ ಈಗ್ಲೇ ಮನಿಗ್ ಹೋತೆ. ಮೆಮೊ ಗಿಮೊ ಬ್ಯಾಡ."

ಲಾರಿಯವನು ಹಾರ್ನು ಹೊಡೆಯುತ್ತಿದ್ದ. ಮಿಷನ್ನು ಶುರುವಾಗುವುದೇ ಆದರೆ ಆಗಲಿ ಎಂದುಕೊಂಡರೋ, ರೋಷನ್‌ನ ನೂರು ಮಾರ್ಕನ್ನು ನಂಬಿದರೋ, ರಾಜೇಂದ್ರ ಒಪ್ಪಿದರು. ಎಲ್ಲರೂ ಶೆಡ್ಡಿಗೆ ನಡೆದರು. ಆರು ಯಂತ್ರ, ಕಂಪ್ರೆಸರ್, ಜರಡಿ ಎಲ್ಲ ಗುಡುಗಿದವು. ರೋಷನ್ ಪೆನ್ನು ಕಾಗದ ಹಿಡಿದು ಅಪ್ಪಿಯ ಜಾಗದಲ್ಲಿ ನಿಂತ. ಅವನ ಮುಖದಲ್ಲಿ ಕ್ರಿಕೆಟ್ ಆಡಲು ಹೊರಟವನ ಉಮೇದಿತ್ತು. ಸೀತು ಎರಡು ಮಾರು ದೂರದಿಂದ ಹತ್ತು ಪದ ಕೂಗಿದಳು. ಮೊದಲೇ ಬರೆದ ಚೀಟಿ ಅಪ್ಪಿಯ ಕೈಯಲ್ಲಿತ್ತು.

ಮಿಷನ್ನು ನಿಲ್ಲಿಸಿದ ಮೇಲೆ ರಾಜೇಂದ್ರರೇ ಎರಡನ್ನೂ ಓದಿದರು. ಸೀತು 'ಸೂಜಿ' ಎಂದದ್ದು ರೋಷನ್ನಿಗೆ 'ಭಾಜಿ'. 'ಬಂಗಡೆ' ಮೀನು ಹೋಗಿ ಅಂಗಡಿಯಾಗಿತ್ತು. 'ಮೆಣಸು' ಮನೆಯಾಗಿತ್ತು. ಏಳನೆಯದಕ್ಕೆ ಬಂದಾಗ ರಾಜೇಂದ್ರ ಓದದೆ ನಿಂತರು.

"ಓದಿ ಸರ್" ಎಂದಳು ಸೀತು.

"ಹೇಳಿದ್ದು, ಧನಿ." ಅವರು ಗಂಟಲು ಸರಿ ಮಾಡಿಕೊಂಡರು. "ಬರೆದದ್ದು, ಹಂದಿ."

ತಗಡಿನ ಮಾಡು ಹಾರುವಂತೆ ನಗು ಎದ್ದಿತು. ರೋಷನ್ನನ ಕಿವಿಯ ತುದಿ ಕೆಂಪಾಯಿತು. ಹತ್ತರಲ್ಲಿ ಮೂರು ಸರಿಯಿತ್ತು.

"ಮಿಷನ್ ಇದ್ದಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ" ಎಂದರು ರಾಜೇಂದ್ರ.

"ಅದನ್ನೇ ನಾ ಹೇಳುದ್ ಸರ್. ನಾ ತಪ್ಪ್ ಮಾಡಿದ್ದೂ ಇದೇ ಜಾಗೆಯಂಗೆ. ನೂರ್ ಮಾರ್ಕಿನವ್ರಿಗೆ ಮೂರ್ ಪದ. ನನ್ ತೊಂಬತ್ತೆರಡ್ರಂಗೆ ಎಷ್ಟ್ ಬಪ್ಪುದ್? ನೀವೇ ಲೆಕ್ಕ ಹಾಕಿ. ನಿಮಗ್ ವಿಜ್ಞಾನ ಗೊತ್ತಿತ್ತಲೆ."

"ಇಲ್ಲ, ತಡಿನಿ" ಎಂದ ರೋಷನ್. ಅವನಿಗೆ ಸೋಲು ಮರ್ಯಾದೆಯ ಪ್ರಶ್ನೆಯಾಗಿತ್ತು. "ಸದ್ದಿಲ್ದೆ ಹೇಳಿ ಕಾಂಬ. ಹತ್ತೂ ಹೇಳ್ತೆ."

ಸೀತು ಬೇರೆ ಹತ್ತು ಪದವನ್ನು ಅವನ ಬೆನ್ನ ಹಿಂದೆ ನಿಂತು, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲ ಹೇಳಿದಳು. ಶೆಡ್ಡಿನಲ್ಲಿ ಒಂದು ಯಂತ್ರವೂ ಓಡುತ್ತಿರಲಿಲ್ಲ. ಅವನು ಆರು ಸರಿ ಹೇಳಿದ. ಎರಡಕ್ಕೆ "ಹಾಂ?" ಎಂದ. ಉಳಿದೆರಡು ತಪ್ಪಿದವು.

ಈ ಸಲ ಯಾರೂ ನಗಲಿಲ್ಲ. ರೋಷನ್ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ ನಿಂತ. ಅವನಿಗಿನ್ನೂ ಮದುವೆಯಾಗಿರಲಿಲ್ಲ. "ನಂಗ್ ನೂರ್ ಇತ್ತಲೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಅಪ್ಪಿ ಹೆಂಗಸರ ಕಡೆ ತಿರುಗಿದಳು. ಎರಡು ವರ್ಷ ಬಚ್ಚಿಟ್ಟದ್ದನ್ನು ಈಗ ಎಲ್ಲರೆದುರು ಕೇಳುವುದು ಅವಳಿಗೆ ಕಷ್ಟವೆನಿಸಲಿಲ್ಲ.

"ಹ್ವಾಯ್, ಮಾಸ್ಕ್ ಬಂದ್ ಮೇಲೆ ಸುಮ್ನೆ ಹಾಂ ಹಾಂ ಅಂಬವ್ರ್ ನಾನ್ ಒಬ್ಳೆಯಾ? ಬೇರೆ ಯಾರಾರೂ ಇದ್ರಿಯಾ? ಇದ್ರೆ ಕೈ ಎತ್ತಿನಿ."

ಮೊದಲು ಒಂದು ಕೈ ಎದ್ದಿತು. ಆಮೇಲೆ ಮೂರು. ಒಬ್ಬಳು ಇನ್ನೊಬ್ಬಳ ಮುಖ ನೋಡಿ, ನೀನೂವಾ ಎಂದು ಕಣ್ಣರಳಿಸಿ, ತಾನೂ ಎತ್ತಿದಳು. ನೋಡನೋಡುತ್ತ ಮೂವತ್ತು ಕೈ ದಾಟಿತು. ಹಿಂದೆ ನಿಂತಿದ್ದ ಮುದುಕಿ ಅಮ್ಮಣ್ಣಿ ಮಾತ್ರ ಕೈ ಎತ್ತದೆ ಎಲ್ಲರನ್ನೂ ಪಿಳಿಪಿಳಿ ನೋಡುತ್ತಿದ್ದಳು. ಪಕ್ಕದವಳು ಅವಳ ಮುಖದೆದುರು ಬಾಯಿ ತಂದು, "ಕೆಮಿ ಕೇಣ್ದಿದ್ದವ್ರ್ ಕೈ ಎತ್ತ್ಕಂಬ್ರ್!" ಎಂದಳು. "ಅದನ್ ಮೊದ್ಲೇ ಹೇಳುಕಾಗ್ದಾ?" ಎಂದು ಅಮ್ಮಣ್ಣಿ ಎರಡೂ ಕೈ ಎತ್ತಿದಳು.

ನಗುನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು. ಒಬ್ಬೊಬ್ಬಳೂ ತಾನೊಬ್ಬಳೇ ಎಂದುಕೊಂಡು, ನಾಚಿಕೊಂಡು, ಗಂಡನ ಹತ್ತಿರ ಬೈಸಿಕೊಂಡು, ಮಕ್ಕಳೆದುರು ಸಣ್ಣವಳಾಗಿ ಬದುಕಿದ್ದಳು. ಎಲ್ಲರ ಫೈಲಿನಲ್ಲೂ ತೊಂಬತ್ತರ ಮೇಲೆ ಮಾರ್ಕಿತ್ತು.

ರಾಜೇಂದ್ರ ಮೆಮೊ ಮಡಚಿದರು. "ಸರಿ, ಇದನ್ನು ಪೆಂಡಿಂಗ್ ಇಡೋಣ. ಕೆಲಸಕ್ಕೆ ಹೋಗಿ."

"ಪೆಂಡಿಂಗ್ ಬ್ಯಾಡ ಸರ್. ಹಿಂದ್ ತಕಂಡೆ ಅಂದೇಳಿ ಬರ್ದ್ ಕೊಡಿ. ಇನ್ನೊಂದಿತ್ತ್. ಆ ಫೈಲಂಗೆ ನಮ್ ಮಾತಿನ್ ಮಾರ್ಕ್ ಎಲ್ಲಿತ್ತೋ ಅಲ್ಲೆಲ್ಲ 'ಪದ ಹೇಳಿ ಪರೀಕ್ಷೆ ಮಾಡ್ಲಿಲ್ಲ' ಅಂದೇಳಿ ಬರೀರಿ. ನೀವ್ ಬರೀದಿದ್ರೆ ನಾವೇ ಬರೀತ್."

ರಾಜೇಂದ್ರ ಲಾರಿಯ ಕಡೆ ನೋಡಿದರು, ನಿಂತ ಯಂತ್ರಗಳ ಕಡೆ ನೋಡಿದರು. ಮೆಮೊ ಹಿಂದೆ ಪಡೆದದ್ದಕ್ಕೆ ಎರಡು ಸಾಲು ಬರೆದು ಸಹಿ ಹಾಕಿಕೊಟ್ಟರು. ಫೈಲಿಗೆ ಮಾತ್ರ ಕೈ ಹಚ್ಚಲು ಒಪ್ಪಲಿಲ್ಲ. "ಅದು ನನ್ನ ಕೈಯಲ್ಲಿಲ್ಲ, ಧನಿಗಳನ್ನು ಕೇಳಬೇಕು" ಎಂದರು. ಅಷ್ಟು ಹೊತ್ತಿಗೆ ಅವರ ಪುಸ್ತಕದ ಕನ್ನಡ ಸಡಿಲಾಗಿತ್ತು. "ನಂಗೂ ಹೆಂಡ್ತಿ ಮಕ್ಳ್ ಇದ್ರ್ ಅಪ್ಪಿ. ನಾನ್ ಎಂತ ಮಾಡುದ್?"

"ಬೈಗುಳ್ ತಿನ್ನಿ ಸರ್. ನಾವ್ ಇಷ್ಟ್ ದಿನ ತಿಂದಿತ್ತಲೆ" ಎಂದಳು ಅಪ್ಪಿ.

ಆ ದಿನ ಲಾರಿ ತುಂಬಿಸಿಕೊಟ್ಟರು. ಸಂಜೆ ಟೆಂಪೊ ಕಾಯುವಾಗಲೇ ಹೆಂಗಸರು ಮಾತಾಡಿ ನಿಶ್ಚಯಿಸಿದರು. ಧನಿಗಳನ್ನು ಕೇಳುವುದು ಬೇಡ. ಮಾರ್ಕು ಸುಳ್ಳೆಂದು ತೋರಿಸಲು ನಿಜವಾದ ಮಾರ್ಕು ತರುವುದೇ ದಾರಿ.

ಬುಧವಾರ ಬೆಳಿಗ್ಗೆ ಶೆಡ್ಡಿನ ಸ್ವಿಚ್ಚು ಒತ್ತಲು ಯಾರೂ ಇರಲಿಲ್ಲ. ನಲವತ್ತೆರಡು ಜನ ಎರಡು ಟೆಂಪೊ ಮಾಡಿಕೊಂಡು ಕುಂದಾಪುರಕ್ಕೆ ಬಂದರು. ತಲೆಗೆ ಅಬ್ಬಲಿಗೆ ಹೂ ಮುಡಿದಿದ್ದರು, ಬುತ್ತಿ ಕಟ್ಟಿಕೊಂಡಿದ್ದರು. ಅಮ್ಮಣ್ಣಿ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಆಸ್ಪತ್ರೆಯ ಜಗಲಿ ತುಂಬಿ ಸಾಲು ಮೆಟ್ಟಿಲಿಳಿದು ಗೇಟಿನ ತನಕ ಹೋಯಿತು.

ದೀಕ್ಷಾ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟಳು. "ಅಯ್ಯಬ್ಬ! ಒಂದ್ ದಿನಕ್ಕೆ ಎಂಟ್ ಜನಕ್ಕಿಂತ ಹೆಚ್ಚ್ ಆತಿಲ್ಲ ಅಮ್ಮ."

"ಆಯ್ಲಿ. ಇವತ್ತ್ ಎಂಟ್, ಬಪ್ಪ ಬುಧವಾರ ಎಂಟ್. ನಾವ್ ಎಲ್ಲರೂ ಬತ್ತ್."

"ಎಂಟ್ ಜನಕ್ಕೆ ನಲ್ವತ್ತೆರಡ್ ಜನ ಎಂತಕ್ಕೆ?"

"ಒಬ್ರನ್ನೇ ಕಳ್ಸ್ರೆ ಅವ್ರನ್ನೇ ತೆಗಿತ್ರ್ ಮಗಾ. ಹಾಂಗಾಯಿ ಎಲ್ಲರೂ ಬಪ್ಪುದ್."

ದೀಕ್ಷಾ ಇನ್ನೇನೂ ಕೇಳದೆ ನಂಬರಿನ ಚೀಟಿ ಹರಿಯತೊಡಗಿದಳು.

ಹತ್ತೂವರೆಗೆ ಗೇಟಿನ ಹತ್ತಿರ ಬೈಕಿನ ಸದ್ದಾಯಿತು. ರೋಷನ್. ಹೆಂಗಸರು ಸೆರಗು ಸರಿ ಮಾಡಿಕೊಂಡು ಜಗಳಕ್ಕೆ ಸಿದ್ಧರಾದರು. ಕರೆದುಕೊಂಡು ಹೋಗಲು ಬಂದನೆಂದೇ ಎಲ್ಲರೂ ತಿಳಿದರು. ಅವನು ಹೆಲ್ಮೆಟ್ಟು ತೆಗೆದು, ಯಾರ ಮುಖವನ್ನೂ ನೋಡದೆ ಅಪ್ಪಿಯ ಮುಂದೆ ಬಂದು ನಿಂತ. ಮಾಸ್ಕಿರಲಿಲ್ಲ.

"ಅಪ್ಪಿಯಕ್ಕ, ನಾ ಮೂರ್ ಸಲ ಹೇಳಿದೆ ಅಂದೇಳಿ ಬರ್ದ್ ಕೊಟ್ಟದ್ದ್ ಸುಳ್ಳ್. ಒಂದೇ ಸಲ ಹೇಳಿದ್ದೆ. ಬರಿ ಅಂದ್ರ್, ಬರ್ದೆ."

"ಗೊತ್ತಿತ್ತ್" ಎಂದಳು ಅಪ್ಪಿ.

"ನಂಗೂ ಒಂದ್ ಚೀಟಿ ಸಿಕ್ಕುಗಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಮೇಲಿನ ಸಿಟ್ಟು ಎಲ್ಲರಿಗೂ ಒಂದೇ ಸಲಕ್ಕೆ ಇಳಿಯುವಂಥದ್ದಾಗಿರಲಿಲ್ಲ. ಅಪ್ಪಿ ಒಳಗೆ ಹೋಗಿ ಚೀಟಿ ತಂದುಕೊಟ್ಟಳು. ನಲವತ್ತಮೂರು.

"ಕಡಿಗ್ ಹೋಯಿ ನಿಂತ್ಕಣಿ" ಎಂದಳು ಸೀತು.

ಅವನು ಸಾಲಿನ ಕೊನೆಗೆ ಹೋಗುವುದರೊಳಗೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಧನಿ ಭೋಜರಾಜರು. ಮುಂಬೈಯಲ್ಲಿ ಎರಡು ಹೋಟೆಲು ನಡೆಸುತ್ತ ಅಲ್ಲಿಂದಲೇ ಫ್ಯಾಕ್ಟರಿ ಆಳುವವರು. ರೋಷನ್ ಫೋನು ಕಿವಿಗೆ ಹಿಡಿದ. ಆ ಕಡೆಯ ಕೂಗು ಎಷ್ಟು ದಪ್ಪಗಿತ್ತೆಂದರೆ ಮೂರು ಹೆಜ್ಜೆ ದೂರ ನಿಂತಿದ್ದ ಅಪ್ಪಿಗೂ ಕೇಳಿಸುತ್ತಿತ್ತು.

"ಎಲ್ ಸಾಯ್ತಿದ್ಯಾ? ಶೆಡ್ಡ್ ಖಾಲಿ ಅಂಬ್ರಲೆ! ಅಭೀ ಕೆ ಅಭೀ, ಈಗಿಂದೀಗ್ಲೇ ಎಲ್ಲರನ್ನೂ ಟೆಂಪೊಕ್ಕೆ ಹತ್ತಿಸ್ಕಂಡ್ ಬಾ! ಕೇಂಡ್ತಾ?"

ಎಲ್ಲರ ಕಣ್ಣು ರೋಷನ್ನನ ತುಟಿಯ ಮೇಲೆ ನೆಟ್ಟಿತು. ಅವನು ಕೈಯಲ್ಲಿದ್ದ ಚೀಟಿ ನೋಡಿದ.

"ಹಲೋ? ಎಂತ ಹೇಳ್ರಿ ಧನಿಗಳೆ?" ಎಂದ. "ಕೇಣ್ತಿಲ್ಲ. ಹಲೋ? ಖರೇ ಕೇಣ್ತಿಲ್ಲ."

ಫೋನು ಆರಿಸಿ ಜೇಬಿಗೆ ಹಾಕಿ, ಸಾಲಿನ ಕೊನೆಗೆ ಹೋಗಿ ನಿಂತ. ಹೆಂಗಸರ ನಗು ಗೇಟು ದಾಟಿ ರಸ್ತೆಗೆ ಹೋಯಿತು. ಒಳಗಿನಿಂದ ದೀಕ್ಷಾ ಮೊದಲ ನಂಬರು ಕೂಗಿದಳು. ಅದು ಅಮ್ಮಣ್ಣಿಯದು, ಅವಳಿಗೆ ಕೇಳಿಸಲಿಲ್ಲ. ಅಪ್ಪಿ ಅವಳ ಕೈ ಹಿಡಿದು, ಮುಖ ನೋಡಿ ಹೇಳಿ, ಒಳಗೆ ಕರೆದುಕೊಂಡು ಹೋದಳು.